ಕಾದಂಬರಿಯನ್ನು ರಂಗಕ್ಕೆ ತರುವ ಬಗೆ: ‘ಮಲೆಗಳಲ್ಲಿ ಮದುಮಗಳು’ ಎದುರಿಗಿಟ್ಟುಕೊಂಡು

ಮೊದಲು ಒಂದು ಲೆಕ್ಕ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಏಳುನೂರು ಪುಟ ಮೀರಿದ ಕಾದಂಬರಿ. ಪುಟಕ್ಕೆ 200 ಪದ ಎಂದು ಕಡಿಮೆಯಲ್ಲೇ ಹಿಡಿದರೂ 1,40,000 ಪದ. ರಂಗದ ಮೇಲೆ ಮಾತು, ಮೌನ, ಓಡಾಟ, ಹಾಡು ಎಲ್ಲ ಸೇರಿ ನಿಮಿಷಕ್ಕೆ ಸುಮಾರು 80 ಪದ ಸಾಗುತ್ತದೆ. ಅಂದರೆ ಎರಡು ಗಂಟೆಯ ನಾಟಕದಲ್ಲಿ ಹಿಡಿಯುವುದು 9,600 ಪದ, ಕಾದಂಬರಿಯ ನೂರಕ್ಕೆ ಏಳು ಪಾಲು. ಮೈಸೂರಿನ ರಂಗಾಯಣ 2010ರಲ್ಲಿ ಇದೇ ಕಾದಂಬರಿಯನ್ನು ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ ಆಡಿತು. ಕೆ.ವೈ. ನಾರಾಯಣಸ್ವಾಮಿ ಅವರ ರಂಗರೂಪ, ಸಿ. ಬಸವಲಿಂಗಯ್ಯ ಅವರ ನಿರ್ದೇಶನ, ಹಂಸಲೇಖ ಅವರ ಸಂಗೀತ. ನಮ್ಮ ಲೆಕ್ಕದಲ್ಲಿ ಆ ಒಂಬತ್ತು ಗಂಟೆಗೂ ದಕ್ಕುವುದು ಮೂರರಲ್ಲಿ ಒಂದು ಪಾಲಿನಷ್ಟೇ. ಹಾಗಾಗಿ ‘ಇಡೀ ಕಾದಂಬರಿಯನ್ನು ತರುತ್ತೇವೆ’ ಎನ್ನುವ ಮಾತನ್ನು ತಂಡದ ಮೊದಲ ಸಭೆಯಲ್ಲೇ ಕೈಬಿಡಿ. ಎಷ್ಟನ್ನು ಬಿಡಬೇಕು ಎಂಬುದನ್ನು ಗಡಿಯಾರವೇ ತೀರ್ಮಾನಿಸಿದೆ. ಯಾವುದನ್ನು ಬಿಡಬೇಕು ಎನ್ನುವುದೊಂದೇ ನಿಮ್ಮ ಕೈಯಲ್ಲಿರುವುದು.

ಜನ ಹಚ್ಚಿಕೊಂಡ ಕಾದಂಬರಿಗೆ ಇನ್ನೊಂದು ತೊಡಕಿದೆ. ಸಭಾಂಗಣದಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಚಿನ್ನಮ್ಮನನ್ನೂ ಮನಸ್ಸಿನಲ್ಲಿ ಆಗಲೇ ಕಂಡುಕೊಂಡು ಬಂದಿರುತ್ತಾರೆ. ಉಳಿದರ್ಧಕ್ಕೆ ಯಾರು ಯಾರ ಮನೆಯವರು ಎಂಬುದೂ ಗೊತ್ತಿಲ್ಲ. ಎರಡೂ ಗುಂಪಿಗೆ ಸಲ್ಲಬೇಕು. ಓದಿದವರನ್ನಷ್ಟೇ ನಂಬಿ ಬರೆದರೆ ನಾಟಕ ಬರೀ ನೆನಪಿಸುವ ಕೆಲಸವಾಗುತ್ತದೆ. ಓದದವರಿಗಾಗಿ ಎಲ್ಲವನ್ನೂ ಬಿಡಿಸಿ ಹೇಳಹೊರಟರೆ ಸಾರಾಂಶವಾಗುತ್ತದೆ.

ಅನುಮತಿ

ಬರೆಯಲು ಕೂರುವ ಮೊದಲೇ ಇದು ಮುಗಿದಿರಲಿ. ನಮ್ಮ ಕಾಯ್ದೆಯಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಕಾಲ ಮತ್ತು ಆಮೇಲಿನ 60 ವರ್ಷ. ಆ 60ನ್ನು ತೀರಿಕೊಂಡ ಮರುವರ್ಷದ ಜನವರಿಯಿಂದ ಎಣಿಸಬೇಕು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ 2054ರ ಕೊನೆಯವರೆಗೆ ಅನುಮತಿ ಬೇಕು. ಶಿವರಾಮ ಕಾರಂತರ ಕೃತಿಗಳಿಗೆ 2057ರವರೆಗೆ. ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಮುಕ್ತ. ಆದರೆ ‘ಶರಪಂಜರ’ವನ್ನು ಎತ್ತಿಕೊಳ್ಳುವವರು ಗಮನಿಸಿ: ಪುಟ್ಟಣ್ಣ ಕಣಗಾಲರ 1971ರ ಸಿನಿಮಾದ ಸಂಭಾಷಣೆ, ಹಾಡುಗಳಿಗೆ ಬೇರೆಯದೇ ಹಕ್ಕುಗಳಿವೆ. ಜನರ ಕಿವಿಯಲ್ಲಿ ಸಿನಿಮಾದ ಮಾತೇ ಇರುತ್ತದೆ, ನಿಮ್ಮ ಕಲಾವಿದರ ಕಿವಿಯಲ್ಲೂ. ಕಾದಂಬರಿಯಲ್ಲಿ ಇಲ್ಲದ ಸಾಲು ರಂಗಪಠ್ಯಕ್ಕೆ ಎಲ್ಲಿಂದ ಬಂತು ಎಂದು ಪ್ರತಿ ಸಲ ಕೇಳಿಕೊಳ್ಳಿ.

ಪ್ರಕಾಶಕರ ಬಳಿ ಸಾಮಾನ್ಯವಾಗಿ ಇರುವುದು ಅಚ್ಚಿನ ಹಕ್ಕು ಮಾತ್ರ. ನಾಟಕದ ಹಕ್ಕು ಯಾರದೆಂದು ಅವರನ್ನು ಕೇಳಿ, ಆಮೇಲೆ ಹಕ್ಕುದಾರರಿಗೆ ಬರೆಯಿರಿ. ‘ಮಾಡಿಕೊಳ್ಳಿ, ಸಂತೋಷ’ ಎಂದು ಫೋನಿನಲ್ಲಿ ಹೇಳಿದ್ದು ಸಾಲದು, ಸಹಿ ಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದು ಹಿಡಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತವೆಂದು ಹಿಡಿಯುತ್ತದೆ. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಕನ್ನಡ ಕೂಟದವರು ಕರೆಯಬಹುದು ಎಂದಿದ್ದರೆ ಆ ದೇಶದ ಹೆಸರೂ ಇರಲಿ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ತಾನಾಗಿ ಬಿದ್ದುಹೋಗಬಹುದು, ಆದ್ದರಿಂದ ‘ಎರಡು ವರ್ಷದೊಳಗೆ ಮೊದಲ ಪ್ರದರ್ಶನ’ ಎಂಬಂಥ ಒಂದು ಸಾಲು ಸೇರಿಸಿ. ವಿಡಿಯೊ ಚಿತ್ರೀಕರಣ, ಯೂಟ್ಯೂಬ್, ರಂಗಪಠ್ಯದ ಪ್ರಕಟಣೆ ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಹೊರನಾಡಿನಲ್ಲಿ ಪರದೆಯ ಮೇಲೆ ಇಂಗ್ಲಿಷ್ ಸಾಲು ತೋರಿಸುವುದಾದರೆ ಅಚ್ಚಾದ ಅನುವಾದದಿಂದ ಎತ್ತಬೇಡಿ. ಅನುವಾದಕರ ಹಕ್ಕೂ ಹಕ್ಕೇ.

ಓದು, ಚೀಟಿ

ಮೂರು ಸಲ ಓದಬೇಕು. ಮೊದಲ ಸಲ ಪೆನ್ಸಿಲ್ಲಿಲ್ಲದೆ. ಎರಡನೇ ಸಲ ಪ್ರತಿ ಪ್ರಸಂಗಕ್ಕೆ ಒಂದು ಚೀಟಿ: ಎಲ್ಲಿ, ಯಾವ ಹೊತ್ತು, ಯಾರಿದ್ದಾರೆ, ಪ್ರಸಂಗ ಮುಗಿದಾಗ ಏನು ಬದಲಾಗಿದೆ. ಕೊನೆಯದ್ದೇ ಮುಖ್ಯ. ‘ಏನೂ ಬದಲಾಗಿಲ್ಲ’ ಎಂದು ಬರೆಯಬೇಕಾಗಿ ಬಂದ ಚೀಟಿ, ಓದುವಾಗ ಎಷ್ಟೇ ಸೊಗಸಾಗಿದ್ದರೂ, ರಂಗದ ಮೇಲೆ ನಿಂತ ನೀರು. ಮೂರನೇ ಸಲ ಅದೇ ಚೀಟಿಯ ಮೂಲೆಯಲ್ಲಿ ಗುರುತು ಹಾಕಿ: ಇದು ನಡೆದದ್ದೋ, ಆಡಿದ ಮಾತೋ, ಪಾತ್ರ ಮನಸ್ಸಿನಲ್ಲೇ ನೆನೆದದ್ದೋ, ಲೇಖಕರು ತಾವೇ ಹೇಳಿದ್ದೋ. ‘ಮದುಮಗಳು’ ಗಾತ್ರದ ಕಾದಂಬರಿಗೆ 150ರಿಂದ 200 ಚೀಟಿಯಾಗುತ್ತದೆ. ಎರಡು ಗಂಟೆಯ ನಾಟಕ ಹೊರುವುದು 18ರಿಂದ 24 ದೃಶ್ಯ.

ಈ ಗುರುತುಗಳನ್ನು ಎಣಿಸಿದರೆ ಕಾದಂಬರಿಯ ಸ್ವಭಾವ ಕೈಗೆ ಸಿಗುತ್ತದೆ. ನೆನೆದದ್ದೇ ಹೆಚ್ಚಾಗಿದ್ದರೆ ಕೆಲಸ ಕಷ್ಟ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ಹೊಯ್ದಾಟ ಬಹುಪಾಲು ತಲೆಯೊಳಗೆ ನಡೆಯುತ್ತದೆ. ‘ಪರ್ವ’ (1979) ನೆನಪಿನ ಮೇಲೆ ನೆನಪು ಹೆಣೆದ ಕಾದಂಬರಿ. ಪ್ರಕಾಶ್ ಬೆಳವಾಡಿ 2021ರಲ್ಲಿ ರಂಗಾಯಣಕ್ಕೆ ಅದನ್ನು ಮಾಡಿಸಿದಾಗ ಸುಮಾರು ಎಂಟು ಗಂಟೆ ಹಿಡಿಯಿತು. ನಡೆದದ್ದೇ ಹೆಚ್ಚಿರುವ ಕಾದಂಬರಿ ಹವ್ಯಾಸಿ ತಂಡಕ್ಕೆ ಒಳ್ಳೆಯದು. ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರು ‘ಮದುಮಗಳು’ ಬಿಟ್ಟು ದೇವನೂರ ಮಹಾದೇವರ ‘ಒಡಲಾಳ’ದಂಥದ್ದನ್ನು ಎತ್ತಿಕೊಳ್ಳುವುದು ಲೇಸು. ಅಲ್ಲಿ ಸಾಕವ್ವನ ಮನೆಯೊಂದೇ ಬಹುಮಟ್ಟಿಗೆ ರಂಗಸ್ಥಳ, ಕಳೆದುಹೋದ ಕೋಳಿ ಮತ್ತು ಒಂದು ರಾತ್ರಿ ಕೂತು ತಿನ್ನುವ ಕಡಲೆಕಾಯಿಯೇ ಕ್ರಿಯೆ. ತಿನ್ನುವುದು ರಂಗದ ಮೇಲೆ ನಿಜವಾಗಿ ಹೊತ್ತು ತೆಗೆದುಕೊಳ್ಳುವ ಕೆಲಸ. ಅಲ್ಲಿ ಮಾತು ಕಡಿಮೆಯಾದಷ್ಟೂ ಒಳ್ಳೆಯದು.

ಚೀಟಿಗಳ ಜೊತೆಗೆ ಇನ್ನೊಂದು ಪಟ್ಟಿ ಬೇಕು. ಕಾದಂಬರಿ ಓದಿದ ಹತ್ತು ಜನರನ್ನು, ಪುಸ್ತಕ ತೆರೆಯಲು ಬಿಡದೆ, ‘ನಿಮಗೆ ನೆನಪಿರುವ ಐದು ಪ್ರಸಂಗ ಹೇಳಿ’ ಎಂದು ಕೇಳಿ. ಆರೇಳು ಪಟ್ಟಿಗಳಲ್ಲಿ ಮತ್ತೆ ಮತ್ತೆ ಬಂದದ್ದನ್ನು ಸುಮ್ಮನೆ ಬಿಟ್ಟುಬಿಡುವ ಹಾಗಿಲ್ಲ. ಹುಲಿಯ ಹೊಳೆಯ ಪಾಲಾಗುವುದು, ಚಿನ್ನಮ್ಮ ಮದುವೆ ತಪ್ಪಿಸಿಕೊಂಡು ಕಾಡಿನ ಕತ್ತಲಿಗೆ ಇಳಿಯುವುದು ಇಂಥವು. ತೋರಿಸಲಾಗದಿದ್ದರೆ ಕೊನೆಗೆ ಒಬ್ಬರ ಬಾಯಲ್ಲಿ ಒಂದು ನಿಮಿಷವಾದರೂ ಬರಲಿ, ಪ್ರೇಕ್ಷಕ ಕಾಯುತ್ತಿರುತ್ತಾನೆ.

ಎಳೆ ಹಿಡಿಯುವುದು

ಚೀಟಿಗಳನ್ನು ನೆಲದ ಮೇಲೆ ಹರಡಿ. ‘ಮದುಮಗಳು’ವಿನಲ್ಲಿ ಎದ್ದು ಕಾಣುವ ಮೂರು ಜೋಡಿಗಳಿವೆ: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಜೊತೆಗೆ ಕಾವೇರಿಯ ದುರಂತ, ಪಾದ್ರಿಯ ಬರವು, ಹೆಗ್ಗಡೆ ಮನೆಗಳ ಒಳಜಗಳ. ಎಲ್ಲದರಿಂದ ಸ್ವಲ್ಪ ಸ್ವಲ್ಪ ಚಿವುಟಿದರೆ ಎರಡು ಗಂಟೆಯಲ್ಲಿ ಯಾರ ಪರಿಚಯವೂ ಆಗುವುದಿಲ್ಲ. ಒಂದು ಎಳೆ ಪೂರ್ತಿ, ಇನ್ನೊಂದು ಅರ್ಧ, ಉಳಿದವು ಹಾದುಹೋಗುವ ಮುಖಗಳು: ಎರಡು ಗಂಟೆಯ ಲೆಕ್ಕಕ್ಕೆ ಇದು ಕೂಡುತ್ತದೆ.

ಪೂರ್ತಿ ಎಳೆಯಾಗಿ ಗುತ್ತಿಯದನ್ನು ಹಿಡಿದರೆ ಕಟ್ಟುವ ಕೆಲಸ ಹಗುರ. ಸಿಂಬಾವಿ ಹೆಗ್ಗಡೆಯವರ ಆಳು ಅವನು; ನಾಯಿ ಕಟ್ಟಿಕೊಂಡು ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತಾನೆ. ಅವನ ನಡಿಗೆಯೇ ದೃಶ್ಯದಿಂದ ದೃಶ್ಯಕ್ಕೆ ದಾಟಿಸುತ್ತದೆ, ಬ್ಲ್ಯಾಕೌಟ್ ಬೇಡ. ಯಾವ ಮನೆಯ ಜಗಲಿಯ ಕೆಳಗೆ ಎಷ್ಟು ದೂರದಲ್ಲಿ ನಿಲ್ಲುತ್ತಾನೆ ಎಂಬುದರಲ್ಲೇ ಆ ಕಾಲದ ಜಾತಿಯ ಅಳತೆಯೂ ಕಾಣುತ್ತದೆ. ಚಿನ್ನಮ್ಮನ ಎಳೆ ಹಿಡಿದರೆ ಹೆಸರಿಗೆ ನ್ಯಾಯ ಸಿಗುತ್ತದೆ, ಹೆಣ್ಣಿನ ನಿರ್ಧಾರ ನಡುವಿಗೆ ಬರುತ್ತದೆ. ಆದರೆ ಅವಳ ಕಥೆಯ ತುಂಬ ಹೊತ್ತು ಒಳಮನೆಯಲ್ಲಿ, ಪಿಸುಮಾತಿನಲ್ಲಿ ಕಳೆಯುವುದರಿಂದ ನಟಿಯ ಮೇಲೆ ಭಾರ ಹೆಚ್ಚು. ನುರಿತ ನಟಿ ತಂಡದಲ್ಲಿದ್ದರೆ ಮಾತ್ರ ಇದನ್ನು ಆರಿಸಿಕೊಳ್ಳಿ. ಗುತ್ತಿಯ ಎಳೆಯನ್ನೇ ಆರಿಸಿಕೊಂಡವರು ಪೋಸ್ಟರಿನ ಮೇಲೆ ‘ಮಲೆಗಳಲ್ಲಿ ಮದುಮಗಳು ಕಾದಂಬರಿಯ ಒಂದು ಎಳೆ’ ಎಂದು ಸ್ಪಷ್ಟವಾಗಿ ಹಾಕಿ. ಇಲ್ಲವಾದರೆ ಚಿನ್ನಮ್ಮನಿಗಾಗಿ ಬಂದವರು ಅರ್ಧಕ್ಕೇ ಮುನಿಸಿಕೊಳ್ಳುತ್ತಾರೆ, ಅವರದ್ದು ತಪ್ಪಲ್ಲ.

ಎಳೆಯನ್ನು ಒಂದು ಪ್ರಶ್ನೆಯಾಗಿ ಬರೆದು ತಾಲೀಮಿನ ಗೋಡೆಗೆ ಅಂಟಿಸಿ. ‘ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗಬಲ್ಲನೇ, ಅದಕ್ಕೆ ಏನು ತೆರುತ್ತಾನೆ?’ ಪ್ರತಿ ದೃಶ್ಯವೂ ಈ ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದಕ್ಕೋ ಹಿಂದಕ್ಕೋ ತಳ್ಳಬೇಕು.

ಇಷ್ಟು ಕತ್ತರಿಸಿದ ಮೇಲೆ ಒಂದು ಎಚ್ಚರ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದೇ ಶುರುವಾಗುವ ಕಾದಂಬರಿ ಇದು. ಒಂದು ಎಳೆ ಹಿಡಿದ ಕ್ಷಣವೇ ನೀವು ಆ ಮಾತಿಗೆ ಎದುರಾಗಿ ನಿಂತಿದ್ದೀರಿ. ಇದನ್ನು ಮಾತಿನಿಂದ ಸರಿದೂಗಿಸಲು ಆಗುವುದಿಲ್ಲ, ಕೆಲಸದಿಂದ ಆಗುತ್ತದೆ: ಒಂದೇ ನಿಮಿಷ ಬಂದುಹೋಗುವ ಪಾತ್ರಕ್ಕೂ ಕೈಗೊಂದು ಕೆಲಸ ಕೊಡಿ. ಹುಲ್ಲು ಹೊರೆ ಕಟ್ಟುವವಳು, ಅಡಿಕೆ ಸುಲಿಯುವವನು, ಕಂಬಳಿ ಒದರುವ ಮುದುಕ ತಮ್ಮ ಕೆಲಸದ ನಡುವೆ ಗುತ್ತಿಯ ಜೊತೆ ಎರಡು ಮಾತಾಡಿದರೆ, ಅವರದ್ದೂ ಒಂದು ಬದುಕು ನಡೆಯುತ್ತಿದೆ ಎಂದು ಕಾಣುತ್ತದೆ. ಸುಮ್ಮನೆ ಕೈಕಟ್ಟಿ ನಿಂತು ಮಾತು ಹೇಳಿದರೆ ಸುದ್ದಿ ತಂದವರಾಗಿ ಉಳಿಯುತ್ತಾರೆ.

ಲೇಖಕರ ದನಿ ಎಲ್ಲಿಗೆ ಹೋಗುತ್ತದೆ

ಕನ್ನಡದ ರಂಗರೂಪಗಳು ಹೆಚ್ಚು ಎಡವುವುದು ಇಲ್ಲಿ. ಕಾದಂಬರಿಯ ಸುಖದಲ್ಲಿ ಮುಕ್ಕಾಲು ಪಾಲು ಹೇಳುವ ದನಿಯದ್ದು. ಅದನ್ನು ಕಳೆದುಕೊಳ್ಳಬಾರದೆಂದು ಸೂತ್ರಧಾರನೊಬ್ಬನನ್ನು ತಂದು ಬದಿಯಲ್ಲಿ ನಿಲ್ಲಿಸುತ್ತಾರೆ. ಅವನು ‘ಆಗ ಗುತ್ತಿಗೆ ಹೆದರಿಕೆಯಾಯಿತು’ ಎನ್ನುತ್ತಾನೆ, ಗುತ್ತಿ ಹೆದರಿದ ಮುಖ ಮಾಡುತ್ತಾನೆ. ಒಂದೇ ಸಂಗತಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು.

ದನಿಯನ್ನು ಇಡಲು ನಾಲ್ಕೈದು ದಾರಿಗಳಿವೆ. ಯಕ್ಷಗಾನದ ಭಾಗವತನ ಬಗೆ: ಹಾಡಿ ಹೊತ್ತನ್ನು, ದಾರಿಯನ್ನು ದಾಟಿಸುತ್ತಾನೆ, ಪಾತ್ರದ ಜೊತೆ ಪ್ರಶ್ನೋತ್ತರವನ್ನೂ ಆಡುತ್ತಾನೆ, ಹಾಡಬಲ್ಲ ಕಲಾವಿದರಿಲ್ಲದಿದ್ದರೆ ಈ ದಾರಿ ಬೇಡ. ಮೇಳದ ಬಗೆ: ಆರೆಂಟು ಜನ ಊರಾಗಿ ಕೂತು ಆಡಿಕೊಳ್ಳುತ್ತಾರೆ, ಮಲೆನಾಡಿನ ಕಾದಂಬರಿಗೆ ಇದು ಹೊಂದುತ್ತದೆ, ಏಕೆಂದರೆ ಅಲ್ಲಿ ಸುದ್ದಿ ಹಬ್ಬುವ ಬಗೆಯೇ ಕಥೆಯ ಒಂದು ಪಾಲು. ಪಾತ್ರವೇ ತನ್ನ ಬಗ್ಗೆ ‘ಅವನು’ ಎಂದು ಹೇಳಿಕೊಳ್ಳುವ ಬಗೆ ಚುರುಕಾಗಿರುತ್ತದೆ, ಆದರೆ ಇಪ್ಪತ್ತು ನಿಮಿಷದಾಚೆ ಆಯಾಸ ತರುತ್ತದೆ. ‘ಕರ್ವಾಲೊ’ (1980) ಥರದ ಕಾದಂಬರಿಯಲ್ಲಿ ಹೇಳುವವನೇ ಒಂದು ಪಾತ್ರ, ಅವನನ್ನು ಕಥೆಯೊಳಗೇ ಕೂರಿಸಿಬಿಡಬಹುದು. ಕೊನೆಯದು, ವಸ್ತುವಿಗೋ ಸದ್ದಿಗೋ ದನಿ ಕೊಡುವುದು: ‘ಚೋಮನ ದುಡಿ’ಯಲ್ಲಿ (1933) ಚೋಮ ಬಾಯಿಬಿಟ್ಟು ಹೇಳಲಾರದ್ದನ್ನು ದುಡಿಯೇ ಹೇಳಬಲ್ಲದು. ಅಲ್ಲಿ ನಿರೂಪಕನನ್ನು ನಿಲ್ಲಿಸಿದರೆ ದುಡಿಗೆ ಕೆಲಸವಿಲ್ಲದಾಗುತ್ತದೆ. ದುಡಿ ಎಲ್ಲೆಲ್ಲಿ ಬಾರಿಸಬೇಕು, ಎಲ್ಲಿ ಬಾರಿಸಲಾರದೆ ಕೈ ನಿಲ್ಲಬೇಕು ಎಂಬುದನ್ನು ಸಂಭಾಷಣೆಗಿಂತ ಮೊದಲು ಬರೆದುಕೊಳ್ಳಿ. ನಟನೇ ಬಾರಿಸಬೇಕು, ಬದಿಯಿಂದ ವಾದ್ಯದವರು ಬಾರಿಸಿ ನಟ ಕೈಯಾಡಿಸಿದರೆ ಮೂರನೇ ಸಾಲಿನವರಿಗೂ ಗೊತ್ತಾಗುತ್ತದೆ.

ಯಾವ ದಾರಿ ಹಿಡಿದರೂ ಒಂದೊಂದು ನಿರೂಪಣೆಯ ಸಾಲನ್ನೂ ಹೀಗೆ ಸೋಸಿ: ಇದು ಕಣ್ಣಿಗೆ ಕಾಣುತ್ತಿದೆಯೇ? ಹಾಗಿದ್ದರೆ ಅಳಿಸಿ. ಕಾಣುತ್ತಿರುವುದಕ್ಕೆ ಎದುರಾಗಿ ಮಾತಾಡುತ್ತಿದೆಯೇ, ಅಥವಾ ಹತ್ತು ವರ್ಷ ಆಚೆಗಿನ ಸಂಗತಿ ಹೇಳುತ್ತಿದೆಯೇ? ಇರಲಿ. ಹೀಗೆ ಸೋಸಿದ ಮೇಲೆ ಎರಡು ಗಂಟೆಯಲ್ಲಿ ನಿರೂಪಣೆ ಒಟ್ಟು ಹನ್ನೆರಡು ನಿಮಿಷ ಮೀರಬಾರದು.

ಪಾತ್ರ ಮನಸ್ಸಿನಲ್ಲೇ ನೆನೆದದ್ದನ್ನು ಸ್ವಗತವಾಗಿ ಬರೆಯುವುದು ಸುಲಭದ ಸೆಳೆತ. ಅದಕ್ಕಿಂತ ಗಟ್ಟಿಯಾದದ್ದು, ಅದನ್ನು ಇನ್ನೊಬ್ಬರ ಎದುರಿನ ನಡವಳಿಕೆಯಾಗಿಸುವುದು. ತೋರಿಸಲೆಂದು ಒಂದು ತುಣುಕನ್ನು ಇಲ್ಲೇ ಕಟ್ಟಿದ್ದೇವೆ, ಯಾವ ಕಾದಂಬರಿಯದ್ದೂ ಅಲ್ಲ:

‘ಅಪ್ಪ ಸಾಯುವ ಮೊದಲು ತಂದ ನಲವತ್ತು ರೂಪಾಯಿ ಇನ್ನೂ ತೀರಿರಲಿಲ್ಲ. ಬಡ್ಡಿ ಕೂಡ ಕಟ್ಟಲಾಗದ ನಾಚಿಕೆಯಿಂದ ದ್ಯಾವ ತಲೆ ತಗ್ಗಿಸಿದ. ಗೌಡರಿಗೂ ಗೊತ್ತಿತ್ತು, ಈ ದುಡ್ಡು ಬರುವುದಲ್ಲ. ಆದರೆ ದುಡ್ಡಿಗಿಂತ ಹೆಚ್ಚಿನದ್ದು ಈ ಮನೆಯಿಂದ ಸಿಗುತ್ತದೆಂದೂ ಅವರಿಗೆ ಗೊತ್ತಿತ್ತು.’

ಹೆಚ್ಚಿನವರ ಮೊದಲ ಕರಡಿನಲ್ಲಿ ಗೌಡರು ‘ನಿಮ್ಮಪ್ಪ ತಗೊಂಡ ನಲವತ್ತು ರೂಪಾಯಿ ಏನಾಯ್ತೋ?’ ಎಂದು ಗುಡುಗುತ್ತಾರೆ, ದ್ಯಾವ ಕಾಲಿಗೆ ಬೀಳುತ್ತಾನೆ. ಮಾಹಿತಿ ತಲುಪಿತು, ಗೌಡರ ಜಾಣತನ ಹೋಯಿತು. ಇನ್ನೊಂದು ಬಗೆ:

(ಗೌಡರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ದ್ಯಾವ ಅಂಗಳದಲ್ಲಿ. ಹಿಂದೆ ಹುಡುಗ.)
ಗೌಡ: ಕೊಯ್ಲು ಮುಗೀತೇನೋ?
ದ್ಯಾವ: ನಿನ್ನೆಗೇ ಮುಗೀತಯ್ಯ.
ಗೌಡ: ಹೂಂ. (ಸುಣ್ಣ ಸವರುತ್ತ) ಹುಡುಗ್ನಿಗೆ ಎಷ್ಟು ವರ್ಷ ಈಗ?
(ದ್ಯಾವ ಹುಡುಗನನ್ನು ಬೆನ್ನ ಹಿಂದಕ್ಕೆ ಸರಿಸುತ್ತಾನೆ.)
ದ್ಯಾವ: ಸಣ್ಣೋನಯ್ಯ ಇನ್ನೂ.
ಗೌಡ: ನೀನು ಬಂದಾಗ ಇಷ್ಟೇ ಇದ್ದೆ. (ಒಂದು ಅಡಿಕೆ ಹೋಳನ್ನು ಅಂಗಳಕ್ಕೆ ಎಸೆಯುತ್ತಾರೆ. ಹುಡುಗ ಎತ್ತಿಕೊಳ್ಳಲು ಬಗ್ಗುತ್ತಾನೆ.)

ಸಾಲದ ಮಾತೇ ಇಲ್ಲ, ಮೊತ್ತವೂ ಇಲ್ಲ. ಆದರೂ ಏನು ನಡೆಯುತ್ತಿದೆಯೆಂದು ಕಾದಂಬರಿ ಓದದವರಿಗೂ ತಿಳಿಯುತ್ತದೆ, ಏಕೆಂದರೆ ದ್ಯಾವ ಹುಡುಗನನ್ನು ಬಚ್ಚಿಡುತ್ತಾನೆ. ನಲವತ್ತು ರೂಪಾಯಿ ಮುಂದೆಲ್ಲೋ ಒಂದು ಸಲ, ಬೇರೆಯವರ ಬಾಯಲ್ಲಿ ಬಂದರೆ ಸಾಕು. ನಿರೂಪಣೆಯ ಪ್ಯಾರಾ ಎದುರಾದಾಗಲೆಲ್ಲ ಹೀಗೆ ಕೇಳಿಕೊಳ್ಳಿ: ಈ ಯೋಚನೆಯಿದ್ದವನು ಎದುರಿಗಿರುವವನಿಗೆ ಏನು ಮಾಡುತ್ತಾನೆ?

ಮಾತಿನ ಸೀಮೆ

‘ಮದುಮಗಳು’ ನಡೆಯುವ ತೀರ್ಥಹಳ್ಳಿ ಕಡೆಯ ಮಾತನ್ನು ‘ಎಲ್ಲರಿಗೂ ತಿಳಿಯಲಿ’ ಎಂದು ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಪಾತ್ರಗಳು ರೇಡಿಯೊ ವಾರ್ತೆ ಓದುವವರಾಗುತ್ತಾರೆ. ಹಾಗೆಂದು ಕಲಬುರಗಿಯ ನಟ ಮಲೆನಾಡ ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಅಣಕವಾಗುತ್ತದೆ. ಆ ಸೀಮೆಯ ಇಬ್ಬರಿಂದ, ಒಬ್ಬರು ಹಿರಿಯರಾದರೆ ಒಳ್ಳೆಯದು, ಇಡೀ ರಂಗಪಠ್ಯವನ್ನು ಓದಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ನಟರು ಪದಕ್ಕಿಂತ ಮೊದಲು ಏರಿಳಿತ ಕಲಿಯಲಿ. ಏರಿಳಿತ ಸರಿಯಿದ್ದರೆ ನಾಲ್ಕು ಪದ ತಪ್ಪಿದರೂ ಮನ್ನಿಸುತ್ತಾರೆ. ಒಬ್ಬೊಬ್ಬರ ಮಾತೂ ಒಂದೇ ಅಲ್ಲ. ಹೆಗ್ಗಡೆ ಮನೆಯ ಮಾತು, ಕೇರಿಯ ಮಾತು, ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತಂದ ಸೇರೆಗಾರರ ಮಾತು ಬೇರೆ ಬೇರೆಯಾಗಿ ಕೇಳಬೇಕು. ಎಲ್ಲರ ಬಾಯಿಗೂ ಒಂದೇ ‘ಹಳ್ಳಿ ಭಾಷೆ’ ತುರುಕುವುದು ನಗರದ ತಂಡಗಳ ಹಳೆಯ ಚಾಳಿ. ತಿಳಿಯದ ಪದ ಬಂದಾಗ ಅರ್ಥ ಹೇಳಿಸಬೇಡಿ, ಆ ವಸ್ತುವನ್ನು ಕೈಯಲ್ಲಿ ಕೊಡಿ.

ಜಾತಿಯ ಹೆಸರು, ಬೈಗುಳ ಕಾದಂಬರಿಯಲ್ಲಿ ಧಾರಾಳವಾಗಿವೆ. ಪೂರ್ತಿ ತೆಗೆದರೆ ಆ ಕಾಲದ ಕ್ರೌರ್ಯ ಮಾಯವಾಗಿ ಮಲೆನಾಡು ಬರೀ ಹಸಿರಾಗಿ ಕಾಣುತ್ತದೆ. ಒಂದೊಂದನ್ನೂ ಬಿಡಿಯಾಗಿ ನೋಡಿ: ಯಾರು ಯಾರಿಗೆ ಅನ್ನುತ್ತಿದ್ದಾರೆ, ಆ ಮಾತಿನಿಂದ ಯಾರ ಸಣ್ಣತನ ಬಯಲಾಗುತ್ತದೆ? ಪ್ರೇಕ್ಷಕ ನಗುವ ಜಾಗದಲ್ಲಿ ಜಾತಿಯ ಹೆಸರು ಇದ್ದರೆ ಕಿತ್ತುಹಾಕಿ. ಉಳಿಸಿಕೊಂಡದ್ದನ್ನು ಯಾಕೆ ಉಳಿಸಿಕೊಂಡಿದ್ದೀರಿ ಎಂದು ನಟರಿಗೆಲ್ಲ, ಅದರಲ್ಲೂ ಆ ಸಮುದಾಯಗಳಿಂದ ಬಂದವರಿಗೆ, ತಾಲೀಮಿನ ಮೊದಲ ವಾರದಲ್ಲೇ ತೆರೆದು ಮಾತಾಡಿ.

ನಾಯಿ, ಹೊಳೆ, ಮಳೆ

ಹುಲಿಯನನ್ನು ಏನು ಮಾಡುವುದು? ನಿಜವಾದ ನಾಯಿ ಬೇಡ. ಪ್ರೇಕ್ಷಕರ ಕಣ್ಣೆಲ್ಲ ಅದರ ಮೇಲೇ ಇರುತ್ತದೆ, ಅದು ನೋಡುವುದು ಬಿಸ್ಕತ್ತು ಹಿಡಿದವರನ್ನು. ಮೇಲಾಗಿ ಪ್ರದರ್ಶನದಲ್ಲಿ ಪ್ರಾಣಿ ಬಳಸಲು 2001ರ ನಿಯಮದಂತೆ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯೂ ಆಗಬೇಕು. ನಟನೊಬ್ಬ ನಾಲ್ಕು ಕಾಲಲ್ಲಿ ಬಂದರೆ ಮೊದಲ ಬೊಗಳಿಗೆ ಮಕ್ಕಳು ನಗುತ್ತಾರೆ. ಕೊನೆಯಲ್ಲಿ ಅಳಿಸಬೇಕಾದ ಪ್ರಾಣಿ ಅದು, ಮೊದಲಲ್ಲಿ ನಗೆಪಾಟಲಾಗಬಾರದು. ಎರಡು ದಾರಿ ಉಳಿಯುತ್ತವೆ. ಬಿದಿರು, ಗೋಣಿ ಸೇರಿಸಿ ಕಟ್ಟಿದ ಗೊಂಬೆ. ಆಡಿಸುವವನು ಕಾಣುತ್ತಿರಲಿ, ಅವನ ಕಣ್ಣು ಸದಾ ಗೊಂಬೆಯ ಮೇಲಿರಲಿ, ಎರಡೇ ನಿಮಿಷದಲ್ಲಿ ಪ್ರೇಕ್ಷಕರು ಅವನನ್ನು ಮರೆಯುತ್ತಾರೆ. ಇಲ್ಲವೇ ಕಾಣದ ನಾಯಿ: ಗುತ್ತಿಯ ನೋಟ, ಅವನ ಕೈಯಿಂದ ತೊಡೆಯ ಪಕ್ಕಕ್ಕೆ ಇಳಿಬಿದ್ದ ಹಗ್ಗ, ಬದಿಯಿಂದ ಏದುಸಿರಿನ ಸದ್ದು. ಇದು ಅಗ್ಗ, ಆದರೆ ಗುತ್ತಿಯ ನೋಟ ಪ್ರತಿ ಸಲವೂ ನಾಯಿಯ ಎತ್ತರಕ್ಕೇ, ಸುಮಾರು ಎರಡಡಿಗೆ, ಇಳಿಯಬೇಕು. ಒಂದು ದೃಶ್ಯದಲ್ಲಿ ಆ ಎತ್ತರ ತಪ್ಪಿದರೂ ನಾಯಿ ಸತ್ತಂತೆ.

ತುಂಗೆಯ ಪ್ರವಾಹಕ್ಕೆ ನೀಲಿ ಬಟ್ಟೆ ಅಲ್ಲಾಡಿಸುವುದು ಶಾಲಾ ವಾರ್ಷಿಕೋತ್ಸವದಲ್ಲೂ ಆಗುತ್ತದೆ. ಮಳೆಗಾಲದ ಹೊಳೆ ಕೆಂಪು ಮಣ್ಣಿನ ಬಣ್ಣದ್ದು. ಬಟ್ಟೆಯೇ ಬೇಕೆಂದರೆ ಕಾವಿ ಬಣ್ಣದ ಕಾಟನ್, 30 ಅಡಿ ಉದ್ದದ ಮೂರು ತುಂಡು, ಒಂದೊಂದನ್ನು ಇಬ್ಬರು ಹಿಡಿಯಬೇಕು. ಪಾಲಿಯೆಸ್ಟರ್ ಹಗುರಾಗಿ ಹಾರುತ್ತದೆ, ನೀರಿನ ಭಾರ ಬರುವುದಿಲ್ಲ. ಗುತ್ತಿ, ತಿಮ್ಮಿ ಎರಡನೇ ತುಂಡಿನಲ್ಲಿ ಸೊಂಟದವರೆಗೆ ಮುಳುಗಿರುವಾಗ ಮೂರನೆಯದು ನಾಯಿಯನ್ನು ಮುಚ್ಚಿ ಬದಿಗೆ ಎಳೆದುಕೊಂಡು ಹೋಗಲಿ. ಸಂಗೀತ ಅಲ್ಲೇ ನಿಲ್ಲಬೇಕು. ಕರುಣೆಗೆಂದು ಕೊಳಲು ಹಾಕುವ ಆಸೆಯಾಗುತ್ತದೆ. ಬೇಡ, ಗುತ್ತಿ ಕೂಗುವ ಹೆಸರೊಂದೇ ಕೇಳಲಿ.

ಮಳೆಯ ಸದ್ದನ್ನು ಧ್ವನಿಮುದ್ರಿಕೆಯಿಂದ ಹಾಕಿದರೆ ಮಾತು ಮುಚ್ಚಿಹೋಗುತ್ತದೆ. ದೃಶ್ಯದ ಮೊದಲ ಹತ್ತು ಸೆಕೆಂಡು ಜೋರಾಗಿ, ಆಮೇಲೆ ಪೂರ್ತಿ ತಗ್ಗಿಸಿ; ಅಷ್ಟರಲ್ಲಿ ಕಿವಿ ನಂಬಿರುತ್ತದೆ. ಮಳೆಗೆ ಹೊದೆಯುವ ಗೊರಬು, ಕಂಬಳಿಕೊಪ್ಪೆ ಉಳಿದದ್ದನ್ನು ಹೇಳುತ್ತವೆ.

ರಂಗಾಯಣದ ಹಾಗೆ ಬಯಲಲ್ಲಿ ಹಲವು ರಂಗಸ್ಥಳ ಮಾಡಿ ಪ್ರೇಕ್ಷಕರನ್ನು ಎಬ್ಬಿಸಿ ನಡೆಸುವ ಆಸೆ ಅನೇಕರಿಗಿದೆ. ಮುನ್ನೂರು ಜನ ಎದ್ದು, ನಡೆದು, ಮತ್ತೆ ಕೂರಲು ಕಮ್ಮಿಯೆಂದರೂ 12 ನಿಮಿಷ. ರಾತ್ರಿಯಿಡೀ ಆಡುವ ನಾಟಕಕ್ಕೆ ಅದು ಬಿಡುವು. ಎರಡು ಗಂಟೆಯ ನಾಟಕಕ್ಕೆ ಅದೇ ದೊಡ್ಡ ತೂತು. ಒಂದೇ ಜಾಗ, ಒಂದು ಅಡಿ, ಎರಡು ಅಡಿ, ಮೂರು ಅಡಿ ಎತ್ತರದ ಮೂರು ಲೆವೆಲ್ ಸಾಕು: ಜಗಲಿ, ಅಂಗಳ, ಹುಲಿಕಲ್ಲು ಗುಡ್ಡದ ನೆತ್ತಿ ಎಲ್ಲವೂ ಅದರಲ್ಲೇ ಬರುತ್ತವೆ.

ಹಂಚಿಕೆ, ತಾಲೀಮು

ಹದಿನಾಲ್ಕು ಕಲಾವಿದರಿದ್ದರೆ ನಲವತ್ತು ಪಾತ್ರ ನಡೆಸಬಹುದು. ದೃಶ್ಯಗಳನ್ನು ಅಡ್ಡಕ್ಕೆ, ಕಲಾವಿದರನ್ನು ಉದ್ದಕ್ಕೆ ಬರೆದು ಚೌಕಳಿ ಹಾಕಿ. ಒಬ್ಬರು ಎರಡು ಪಾತ್ರ ಮಾಡುವಲ್ಲಿ ನಡುವೆ ಒಂದೂವರೆ ನಿಮಿಷವಾದರೂ ಸಿಗಬೇಕು. ಹೆಗ್ಗಡೆಯಾದವನು ಮುಂದಿನ ದೃಶ್ಯದಲ್ಲಿ ಜೀತದಾಳಾಗಿ ಬರದಿರಲಿ, ಅದು ಬೇಕೆಂದೇ ಮಾಡಿದ್ದೆಂದು ಪ್ರೇಕ್ಷಕ ಅರ್ಥ ಹುಡುಕತೊಡಗುತ್ತಾನೆ.

ಹಾಡಿಗೆ ಮೂರರಿಂದ ನಾಲ್ಕು ನಿಮಿಷ ಹೋಗುತ್ತದೆ. ಹಾಡು ಮುಗಿದಾಗ ಕಥೆ ಶುರುವಾದಲ್ಲೇ ಇದ್ದರೆ ಅದು ಬಿಡುವಷ್ಟೇ. ಎರಡು ಗಂಟೆಗೆ ಐದು ಹಾಡು ಮೀರಬೇಡಿ.

ಮೊದಲ ಕರಡು ಸಿದ್ಧವಾದ ಕೂಡಲೇ, ನಟರ ಆಯ್ಕೆಗೂ ಮೊದಲು, ಗಡಿಯಾರವಿಟ್ಟು ಗಟ್ಟಿಯಾಗಿ ಓದಿ. ಓದಿಗೆ 100 ನಿಮಿಷ ಹಿಡಿದರೆ ರಂಗದ ಮೇಲೆ ಎರಡೂಕಾಲು ಗಂಟೆಯಾಗುತ್ತದೆ. ಕೇಳುವವರಲ್ಲಿ ಕಾದಂಬರಿ ಓದದ ಇಬ್ಬರಿರಲಿ. ಮುಗಿದ ಮೇಲೆ ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ, ಪ್ರಯೋಜನವಿಲ್ಲ. ‘ಯಾರು ಯಾರ ಮನೆಯವರು? ತಿಮ್ಮಿ ಯಾಕೆ ಓಡಿದಳು?’ ಎಂದು ಕೇಳಿ. ತಡವರಿಸಿದಲ್ಲೆಲ್ಲ ಗುರುತು ಮಾಡಿ. ಹೆಚ್ಚಿನ ಗೊಂದಲ ಸಂಬಂಧಗಳಲ್ಲೇ ಇರುತ್ತದೆ, ಅದಕ್ಕೆ ಪರಿಚಯದ ಮಾತು ಸೇರಿಸಬೇಕಿಲ್ಲ. ‘ಅತ್ತಿಗೆಮ್ಮ’, ‘ಭಾವ’, ‘ಅಯ್ಯ’ ಎಂದು ಕರೆಯುವ ಮಾತನ್ನು ಪಾತ್ರ ಬಂದ ಮೊದಲ ಸಾಲಿಗೇ ತನ್ನಿ, ಅರ್ಧ ಗೊಂದಲ ಕರಗುತ್ತದೆ.

ದಿನಕ್ಕೆ ಮೂರು ಗಂಟೆಯಂತೆ 45 ದಿನದ ತಾಲೀಮು ಇಟ್ಟುಕೊಳ್ಳಿ. ಮೊದಲ ಹತ್ತು ದಿನ ರಂಗಪಠ್ಯ ಬದಲಾಗುತ್ತಲೇ ಇರಲಿ, ಮೂವತ್ತನೇ ದಿನ ಬೀಗ ಹಾಕಿ. ಆಮೇಲೆ ಕಾದಂಬರಿಯ ಪ್ರತಿಯನ್ನು ತಾಲೀಮಿನ ಕೋಣೆಗೆ ತರದಿರುವುದೇ ಒಳ್ಳೆಯದು. ‘ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿದೆ’ ಎಂದು ಯಾರಾದರೊಬ್ಬರು ಒಂದು ಪುಟ ತೆರೆಯುತ್ತಾರೆ, ಅದು ನಿಜವೂ ಆಗಿರುತ್ತದೆ, ಸಂಜೆಯೊಳಗೆ ನಾಟಕ ಏಳು ನಿಮಿಷ ಉದ್ದವಾಗಿರುತ್ತದೆ.

ಮೂರು ಪ್ರದರ್ಶನಗಳಾದ ಮೇಲೆ, ನಟರು ನಿಜವಾಗಿ ಆಡುತ್ತಿರುವ ಮಾತನ್ನು ಪಠ್ಯಕ್ಕೆ ಹೋಲಿಸಿ ತಿದ್ದಿ, ಅದನ್ನೇ ಕೊನೆಯ ಪ್ರತಿಯಾಗಿ ತಾರೀಖು ಹಾಕಿ ಇಟ್ಟುಕೊಳ್ಳಿ. ಒಂದು ಪ್ರತಿ ಹಕ್ಕುದಾರರಿಗೆ ಹೋಗಲಿ. ಪೋಸ್ಟರ್, ಕರಪತ್ರ, ಟಿಕೆಟ್ ಮೂರರಲ್ಲೂ ಕಾದಂಬರಿಕಾರರ ಹೆಸರು ‘ಮೂಲ’ ಎಂದು, ನಿಮ್ಮದು ‘ರಂಗರೂಪ’ ಎಂದು ಬೇರೆ ಬೇರೆ ಸಾಲಿನಲ್ಲಿ ಬರಲಿ.